ಅಳಿವೆಯಲ್ಲಿ ತಿರುಗಿ ಬಂದ ಉಡಿ

ಬೆಳಗಾಗುತ್ತಲೇ ದೋಣಿ ಹತ್ತುವ ಘಾಟಿನಲ್ಲಿರಬೇಕು ಎಂದು ದೋಣಿಯವನು ಹಿಂದಿನ ಸಂಜೆಯೇ ಹೇಳಿದ್ದ. ನೀರಿದ್ದಾಗ ಹೊರಡಬೇಕು, ತಡವಾದರೆ ನೀರು ನಿಮಗಾಗಿ ಕಾಯುವುದಿಲ್ಲ ಎಂದು ಒತ್ತಿ ಹೇಳಿದ್ದ. ಅದನ್ನು ನಾನು ನಮ್ಮ ಗುಂಪಿಗೆ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿ, ಕೊನೆಗೆ ಕೈಯನ್ನೂ ಮುಗಿದಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಹೆಣ್ಣುಮಕ್ಕಳೆಲ್ಲ ಧರ್ಮಶಾಲೆಯ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಮಿಶ್ರಿ ತಿಕ್ಕುತ್ತಿದ್ದರು. ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ ಅದು. ಬೆರಳಿಗೆ ಹಚ್ಚಿಕೊಂಡು ಹಲ್ಲಿಗೆ ತಿಕ್ಕುತ್ತ ಕುಳಿತರೆ ನಮ್ಮ ಕಡೆಯ ಹೆಂಗಸರನ್ನು ಎಬ್ಬಿಸುವ ಗಂಡಸು ಇನ್ನೂ ಹುಟ್ಟಿಲ್ಲ, ಹೆಂಗಸೂ ಹುಟ್ಟಿಲ್ಲ.

"ಅವ್ವಾರ, ಏಳ್ರಿ, ದೋಣಿ ಹೋಗತೈತಿ," ಎಂದೆ.

"ದೋಣಿ ಹೋದ್ರ ಮತ್ತೊಂದ ಬರತೈತಿ. ಹೊಳಿ ಏನ ಎದ್ದ ಹೋಗತೈತೇನು?" ಎಂದರು ಚಿಂಚಲಿಯ ಹಿರಿಯಾಕೆ, ಬಾಯಿಂದ ಬೆರಳು ತೆಗೆಯದೆ.

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಜನರನ್ನು ಕೂಡಿಸಿ ಯಾತ್ರೆಗೆ ಕರೆದೊಯ್ಯುವುದು ನನ್ನ ಕೆಲಸ. ಆ ಸಲ ಮಿರಜದಿಂದ ರೈಲು ಹತ್ತಿ ಜಗನ್ನಾಥನ ದರ್ಶನಕ್ಕೆ ಒಡಿಶಾಕ್ಕೆ ಹೋಗಿದ್ದೆವು. ಬರೀ ಗುಡಿಗಳನ್ನೇ ಎಷ್ಟು ತೋರಿಸುವುದು, ಅಲ್ಲಿಯ ಕರಾವಳಿಯ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ದಿನ ದೋಣಿಯಲ್ಲಿ ಸುತ್ತಾಡಿಸೋಣ ಎಂಬ ಹುಮ್ಮಸ್ಸು ನನ್ನದೇ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಘಾಟಿಗೆ ವಾಪಸ್ಸು, ಅಲ್ಲಿಂದ ಬಸ್ಸು, ರಾತ್ರಿಯೊಳಗೆ ಇನ್ನೊಮ್ಮೆ ದರ್ಶನ, ಮರುದಿನ ಊರಿಗೆ ರೈಲು. ಕಾಗದದ ಮೇಲೆ ಎಲ್ಲ ಚಂದವಾಗಿಯೇ ಇತ್ತು.

ಘಾಟಿಗೆ ಹೋದಾಗ ದೋಣಿಯವನ ಮೋರೆ ಗಂಟಾಗಿತ್ತು. ಅವನು ನನಗೆ ನೀರಿನ ಅಂಚನ್ನು ತೋರಿಸಿದ. ದಂಡೆಯ ಕೆಸರು ಒಂದು ಮೊಳದಷ್ಟು ಒದ್ದೆಯಾಗಿ ಹೊಳೆಯುತ್ತಿತ್ತು. ನೀರು ಆಗಲೇ ಇಳಿಯಲು ಹತ್ತಿದೆ ಎಂದು ಅವನು ತೋರಿಸಿದ್ದು ಅಂತ ನನಗೆ ಆಮೇಲೆ ತಿಳಿಯಿತು. ಆಗ ನಾನು ಸುಮ್ಮನೆ ತಲೆಯಾಡಿಸಿ ಪರವಾನಿಗೆಯ ಕಿಟಕಿಯ ಕಡೆಗೆ ಓಡಿದೆ.

ಅಲ್ಲಿ ಎಲ್ಲರ ಗುರುತಿನ ಚೀಟಿ ನೋಡಿ, ಹೆಸರು ಬರೆಸಿಕೊಂಡು, ಅರಣ್ಯದ ಗಾರ್ಡ್ ಒಬ್ಬ ಚೀಲಗಳನ್ನು ಬಿಚ್ಚಿಸಿದ. ಪ್ಲಾಸ್ಟಿಕ್ ಹಾಳೆ, ಗುಟಕಾ ಚೀಟಿ, ಬಿಸ್ಕೀಟಿನ ಪುಡಿಕೆ ಎಲ್ಲ ಡಬ್ಬಿಗೆ ಹೋದವು. ರಾಯಬಾಗ ಕಡೆಯ ಒಬ್ಬ ಹೆಣ್ಣುಮಗಳ ಚೀಲದ ಮುಂದೆ ಅವನು ನಿಂತುಬಿಟ್ಟ. ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕಿ ಬದುಕುವವಳು. ಗುಂಪಿನಲ್ಲಿ ಎಲ್ಲರೂ ಅವಳನ್ನು ಹಾಲಿನಾಕೆ ಎಂದೇ ಕರೆಯುತ್ತಿದ್ದರು. ನಲವತ್ತರ ಆಚೀಚೆ ವಯಸ್ಸು, ಮಾತು ಕಡಿಮೆ. ಅವಳ ಚೀಲದಲ್ಲಿ ಬಾಳೆದಿಂಡಿನ ಎರಡು ತುಂಡು ಇದ್ದವು, ಬಿದಿರುಕಡ್ಡಿ ಚುಚ್ಚಿ ಜೋಡಿಸಿದ್ದು. ಜೊತೆಗೆ ಅಂಗೈಯಗಲದ ಮೊರ, ಕುಪ್ಪಸಕ್ಕೆ ಹಸಿರು ಕಣ, ಹಸಿರು ಬಳೆ, ಅಕ್ಕಿ, ಅರಿಶಿನಕೊಂಬು, ತೆಂಗಿನಕಾಯಿ.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಕೃಷ್ಣೆ ತುಂಬಿ ಬಂದಾಗ ನಮ್ಮ ಹೊಳೆಸಾಲಿನ ಹೆಂಗಸರು ಹೊಳೆಗೆ ಉಡಿ ತುಂಬುತ್ತಾರೆ. ತವರಿಗೆ ಬಂದ ಮಗಳ ಸೆರಗಿಗೆ ಅಕ್ಕಿ, ಕಣ, ಬಳೆ ಇಟ್ಟು ಕಳಿಸುವ ಹಾಗೆ ಹೊಳೆಗೂ ಇಟ್ಟು ಕಳಿಸುತ್ತಾರೆ. ಗಾರ್ಡ್‌ಗೆ ಪೂಜೆಯ ಸಾಮಾನು ಎಂದೆ. ಉದ್ಯಾನದೊಳಗೆ ನೀರಿಗೆ ಏನನ್ನೂ ಬಿಡಕೂಡದು ಎಂದ. ನಾನು ಅವಳಿಗೆ ತಿಳಿಸಿದೆ. ಅವಳು ಹೂಂ ಎಂದು ಚೀಲದ ಬಾಯಿ ಕಟ್ಟಿಕೊಂಡಳು.

ದೋಣಿ ಹತ್ತಿಸುವುದೇ ಒಂದು ರಾದ್ಧಾಂತ. ತೂಕ ಎರಡೂ ಕಡೆ ಸಮ ಇರಬೇಕು. ನಮ್ಮವರಿಗೋ ತಮ್ಮ ತಮ್ಮ ಊರಿನವರ ಪಕ್ಕದಲ್ಲೇ ಕೂರಬೇಕು. ತೇಲುವ ಅಂಗಿಯನ್ನು ಹಾಕಿಕೊಳ್ಳಲು ಹಿರಿಯಾಕೆ ಒಪ್ಪಲೇ ಇಲ್ಲ. "ಎತ್ತಿಗೆ ಜೂಲಾ ಹೊಚ್ಚಿದಂಗ ಇದೇನ್ ತಂಗಿ? ನಾ ಹೊಳಿ ದಂಡಿ ಮ್ಯಾಲ ಹುಟ್ಟಿದಾಕಿ," ಎಂದು ಜಗಳ ತೆಗೆದರು. ಕೊನೆಗೆ ನಾನೇ ಗದರಿ ಪಟ್ಟಿ ಬಿಗಿದೆ. ಡೀಸೆಲ್ ಎಂಜಿನ್ನು ಡಗ್ ಡಗ್ ಎಂದು ಶುರುವಾದಾಗ ಬಿಸಿಲು ಚೆನ್ನಾಗಿಯೇ ಏರಿತ್ತು.

ದೊಡ್ಡ ನದಿಯಿಂದ ಕಿರುಗಾಲುವೆಗೆ ತಿರುಗಿದ ಮೇಲೆ ನಮ್ಮವರ ಜಗಳ ನಿಂತಿತು. ಎರಡೂ ದಂಡೆಗೆ ಕಾಂಡ್ಲಾ ಕಾಡು. ಉಪ್ಪುನೀರಿನಲ್ಲಿ ನಿಲ್ಲುವ ಆ ಗಿಡಗಳು ಬೇರನ್ನು ಕೆಸರಿನಿಂದ ಮೇಲಕ್ಕೆ ಚಾಚಿ ನಿಂತಿದ್ದವು. ಜಿಂಕೆ ಕಂಡವು, ನೀಲಿ ರೆಕ್ಕೆಯ ಮೀನುಗುಟುಕ ಕಂಡಿತು. ದಂಡೆಯ ಮೇಲೆ ಮಲಗಿದ್ದ ಸಣ್ಣದೊಂದು ಮೊಸಳೆ ಕಂಡಾಗ ಯಾರೂ ಬೆಚ್ಚಲಿಲ್ಲ. ಕೃಷ್ಣಾ ದಂಡೆಯವರಿಗೆ ಮೊಸಳೆ ಹೊಸತಲ್ಲ. ಬಟ್ಟೆ ಒಗೆಯುವ ಕಲ್ಲಿನಿಂದ ಸ್ವಲ್ಪ ದೂರದಲ್ಲೇ ಅದು ಬಿಸಿಲಿಗೆ ಮೈ ಕಾಯಿಸುತ್ತಿರುತ್ತದೆ, ಇವರು ಒಗೆಯುತ್ತಲೇ ಇರುತ್ತಾರೆ.

ನಿಪ್ಪಾಣಿಯ ನಿವೃತ್ತ ಗುರೂಜಿ ಒಬ್ಬರು ಎಲ್ಲರಿಗೂ ಹಕ್ಕಿಗಳ ಹೆಸರು ಹೇಳುತ್ತಿದ್ದರು, ಅರ್ಧ ತಪ್ಪು. ಅಷ್ಟರಲ್ಲಿ ದೋಣಿಯ ಹೊಟ್ಟೆ ಏನನ್ನೋ ಸವರಿತು. ದೋಣಿಯವನು ಎಂಜಿನ್ನು ನಿಲ್ಲಿಸಿ, ಪ್ರೊಪೆಲ್ಲರನ್ನು ಮೇಲಕ್ಕೆತ್ತಿ, ಬಿದಿರಿನ ಗಳ ಇಳಿಸಿ ನೋಡಿದ. ಗಳದ ತುದಿ ಮೊಣಕಾಲಿನಷ್ಟು ಆಳದಲ್ಲೇ ಕೆಸರಿಗೆ ಹೂತಿತು. ಹಿಂದಕ್ಕೆ ತಳ್ಳಿದ. ಮುಂದಕ್ಕೆ ತಳ್ಳಿದ. ದೋಣಿ ಜರುಗಲಿಲ್ಲ. ಅವನು ಗಳವನ್ನು ಅಡ್ಡ ಇಟ್ಟು ಬೀಡಿ ಹಚ್ಚಿದ. ಕೆಲಸ ಮಾಡುವವನು ಬೀಡಿ ಹಚ್ಚಿದನೆಂದರೆ ಮಾಡಲು ಏನೂ ಉಳಿದಿಲ್ಲ ಎಂದೇ ಅರ್ಥ.

"ಅದಕ್ಯಾಕ ಕುಂತೀರಿ? ನಾವ ನಾಕ ಮಂದಿ ಇಳದ ನೂಕತೇವಿ," ಎಂದರು ಗುರೂಜಿ. ನಮ್ಮ ಹೊಳೆಯಲ್ಲಿ ದೋಣಿ ಮರಳಿಗೆ ಹತ್ತಿದರೆ ಮಾಡುವುದು ಹಾಗೆಯೇ. ಅವರು ಧೋತರ ಮೇಲಕ್ಕೆ ಸಿಗಿಸಿ ಒಂದು ಕಾಲನ್ನು ಹೊರಗೆ ಇಳಿಬಿಟ್ಟೂ ಆಗಿತ್ತು. ದೋಣಿಯವನು ಚೀರಿದ. ಬೀಡಿ ಎಸೆದು ಹಾರಿ ಬಂದು ಅವರ ರಟ್ಟೆ ಹಿಡಿದು ಒಳಕ್ಕೆಳೆದ. ಇಬ್ಬರೂ ಹಲಗೆಯ ಮೇಲೆ ಬಿದ್ದರು. ಅವನು ಬೆರಳು ತೋರಿಸಿದ ಕಡೆ ಕೆಸರಿನ ದಂಡೆಯ ಮೇಲೆ ಒಂದು ದಿಮ್ಮಿ ಬಿದ್ದಿತ್ತು. ಆ ದಿಮ್ಮಿ ಕಣ್ಣು ತೆರೆಯಿತು. ಆಮೇಲೆ ಸದ್ದಿಲ್ಲದೆ ಜಾರಿ ನೀರಿಗಿಳಿಯಿತು. ಇಳಿಯುತ್ತಲೇ ಇತ್ತು, ಬಾಲ ಮುಗಿಯುವ ಹೊತ್ತಿಗೆ ಅದು ನಮ್ಮ ದೋಣಿಯ ಮುಕ್ಕಾಲಿನಷ್ಟು ಉದ್ದ ಎಂದು ಎಲ್ಲರಿಗೂ ಮನವರಿಕೆಯಾಗಿತ್ತು. ನಮ್ಮ ಕೃಷ್ಣೆಯ ಮೊಸಳೆ ಇದರ ಮುಂದೆ ಹಲ್ಲಿ. ಗುರೂಜಿ ಧೋತರ ಕೆಳಗಿಳಿಸಿಕೊಂಡು ಎರಡೂ ಕಾಲು ಮೇಲಿಟ್ಟು ಕೂತರು. ನಾಲ್ಕು ಜನರನ್ನು ನಾನೇ ಹೂಂ ಎಂದು ಇಳಿಸಿಬಿಡುತ್ತಿದ್ದೆ.

ಎಲ್ಲರೂ ಆ ಕಡೆ ನೋಡುತ್ತಿದ್ದಾಗ ಈ ಕಡೆ ಮೆತ್ತಗೆ ನೀರಿನ ಸದ್ದಾಯಿತು. ತಿರುಗಿ ನೋಡಿದರೆ ಹಾಲಿನಾಕೆ ಅಂಚಿನ ಮೇಲೆ ಬಾಗಿದ್ದಳು. ಬಾಳೆದಿಂಡಿನ ತೆಪ್ಪ, ಅದರ ಮೇಲೆ ಮೊರ, ಮೊರದಲ್ಲಿ ಉಡಿ. ಅದು ಇಳಿಯುವ ನೀರಿನ ಜೊತೆ ಸರಸರ ಹೋಗಿ ಕಾಲುವೆಯ ತಿರುವಿನಲ್ಲಿ ಮರೆಯಾಯಿತು.

ಬೈಯಬೇಕೆಂದು ಬಾಯಿ ತೆರೆದಿದ್ದೆ. ಮೊಸಳೆಯಿರುವ ನೀರಿಗೆ ಕೈಹಾಕಿದ್ದಕ್ಕೆ ಒಂದು, ಗಾರ್ಡ್‌ಗೆ ಕೊಟ್ಟ ಮಾತು ಮುರಿದದ್ದಕ್ಕೆ ಒಂದು. ಆದರೆ ಅವಳ ಮುಖ ನೋಡಿ ತಡೆದೆ. ಮಿರಜದಲ್ಲಿ ರೈಲು ಹತ್ತಿದಾಗಿನಿಂದ ಆ ಮುಖದಲ್ಲಿದ್ದ ಬಿಗಿ ಇರಲಿಲ್ಲ.

"ಹೋತ್ ನೋಡ್ರಿ ಅಕ್ಕಾರ," ಎಂದಳು.

"ಏನವ್ವಾ ಇದು? ಬ್ಯಾಡ ಅಂದಿದ್ದೆ ಹೌದಿಲ್ಲೋ?"

"ತಪ್ಪಾತ್ರಿ. ಆದ್ರ ನಾ ಇದಕ್ಕs ಬಂದಿದ್ದು."

ಕೇಳುವ ಮೊದಲೇ ಹೇಳಿದಳು. ಅವಳ ಪಕ್ಕದಲ್ಲಿದ್ದ ಹಿರಿಯಾಕೆಯೂ ಕೇಳಿಸಿಕೊಂಡರು.

"ನಮ್ಮ ಮನಿಯವ್ರು ಮಹಾಪೂರದಾಗ ಹೋಗ್ಯಾರ್ರಿ. ಹೊಳಿ ಏರಾಕತ್ತಿತ್ತು. ದಂಡಿ ಮ್ಯಾಲಿನ ಮೋಟರ್ ಬಿಚ್ಚಿಕೊಂಡ ಬರತೇನಿ ಅಂತ ಊಟಾ ಬಿಟ್ಟ ಎದ್ದ ಹೋದ್ರು. ನೀರ ಇಳದ ಮ್ಯಾಲ ಮೋಟರ್ ಅಲ್ಲೇ ಸಿಕ್ಕಿತು. ಅವರು ಸಿಗಲಿಲ್ಲ. ಹೆಣಾನೂ ಸಿಗಲಿಲ್ಲ. ಒಬ್ಬರು ಸತ್ತಾನ ಅಂತಾರ. ಒಬ್ಬರು ಎಲ್ಲ್ಯರ ದಂಡಿ ಹತ್ತಿರಬೇಕು, ತಲಿಗೆ ಪೆಟ್ಟಾಗಿ ನೆನಪ ಹೋಗಿರಬೇಕು ಅಂತಾರ. ಪಂಢರಪುರದಾಗ ನೋಡೀವಿ ಅಂದ್ರು, ಹೋಗಿ ಬಂದೆ. ಕೊಲ್ಲಾಪುರದಾಗ ಅಂದ್ರು, ಅಲ್ಲೂ ಹೋಗಿ ಬಂದೆ. ನನ್ನ ಉಡಿ ತುಂಬಾಕ ಕರೀಬೇಕೋ ಬ್ಯಾಡೋ, ಓಣ್ಯಾಗಿನ ಮಂದಿಗೆ ತಿಳಿಯಂಗಿಲ್ಲ. ಕರದವರೂ ಕಡೀಕ ಕುಂಡರಸ್ತಾರ."

"ಈಗ್ಯಾಕವ್ವಾ ಇದನ್ನ…"

"ಮಗಳ ಲಗ್ನ ಗಟ್ಟಿ ಆಗೈತ್ರಿ. ಕಾರ್ಡಿನ್ಯಾಗ ಅವರ ಹೆಸರಿನ ಮುಂದ ಶ್ರೀ ಅಂತ ಬರಸೂದೋ, ಕೈಲಾಸವಾಸಿ ಅಂತ ಬರಸೂದೋ? ಮೈದುನ ಕೇಳಿದಾ. ಅಂವ ಒಳ್ಳೇಂವ. ನೀ ಹೂಂ ಅಂದ್ರ ದಿವಸಾ ಮಾಡಿ ಮುಗಸೂಣು ವೈನೀ ಅಂದಾ. ನನ್ನ ಬಾಯಿಂದ ಹೂಂ ಬರಲಿಲ್ರಿ. ಹೆಣಾ ನೋಡದs ಹೆಂಗ ಅನ್ನಲಿ? ಅದಕ್ಕ, ಹೊಳಿ ಸಮುದ್ರಕ್ಕ ಕೂಡೂವಲ್ಲಿ ಉಡಿ ಬಿಡತೇನಿ ಅಂತ ಬೇಡಿಕೊಂಡೆ. ನಮ್ಮ ಕೃಷ್ಣಾನೂ ಇದs ಸಮುದ್ರಕ್ಕ ಕೂಡತೈತಿ ಅಂತ ರೈಲಿನ್ಯಾಗ ನೀವs ಹೇಳಿದ್ರಿ. ಉಡಿ ತಗೊಂಡ್ರ ಅವರು ಇಲ್ಲೇ ಅದಾರ ಅಂತ ತಿಳಕೊಂಡ ದಿವಸಾ ಮಾಡಸ್ತೇನಿ. ಹೊಳ್ಳಿ ಬಂದ್ರ ಜೀವಂತ ಅದಾರ ಅಂತ."

"ಹೊಳ್ಳಿ ಬಂದ್ರ?" ಎಂದು ಹಿರಿಯಾಕೆ ಕೇಳಿದರು.

"ಹೊಳಿಗೆ ಬಿಟ್ಟದ್ದು ಎಲ್ಲಿ ಹೊಳ್ಳಿ ಬರತೈತ್ರಿ? ಹುಟ್ಟಿದಾಗಿಂದ ನೋಡೇನಿ," ಎಂದು ಹಾಲಿನಾಕೆ ಸಣ್ಣಗೆ ನಕ್ಕಳು. ನಾನೂ ಹೂಂ ಎಂದು ತಲೆಯಾಡಿಸಿದೆ. ನಾನೂ ಆ ಕಡೆಯವಳೇ ತಾನೆ.

ಆಮೇಲಿನ ಹೊತ್ತು ನೀರನ್ನು ನೋಡುವುದರಲ್ಲೇ ಹೋಯಿತು. ಕೃಷ್ಣೆ ಬತ್ತುವುದನ್ನು ನಾವು ಬೇಸಿಗೆಯುದ್ದಕ್ಕೂ ನೋಡುತ್ತೇವೆ. ಕಣ್ಣೆದುರೇ, ಕೂತಲ್ಲೇ, ಒಂದು ಹೊಳೆ ಎದ್ದು ಹೋಗುವುದನ್ನು ಯಾರೂ ನೋಡಿರಲಿಲ್ಲ. ದಂಡೆ ಎತ್ತರವಾಗುತ್ತ ಹೋಯಿತು. ಬೇರುಗಳು ಬಯಲಾದವು. ಕೆಸರಿನ ತೂತುಗಳಿಂದ ಕೆಂಪು ಏಡಿಗಳು ಬಂದವು. ದೋಣಿ ಒಂದು ಮಗ್ಗುಲಿಗೆ ವಾಲಿ ನಿಂತಿತು. ಹೆದರಿದ ಹೆಂಗಸರಲ್ಲಿ ಒಬ್ಬಳು ಜಪ ಶುರುಮಾಡಿದಳು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನೀರು ಬರುತ್ತದೆ, ಸುಮ್ಮನೆ ಕೂತಿರಿ ಎಂದಷ್ಟೇ ದೋಣಿಯವನು ಹೇಳಿದ. ಎಲ್ಲಿಂದ ಬರುತ್ತದೆ ಎಂದು ನಾನು ಕೇಳಲಿಲ್ಲ. ಮೇಲಿನಿಂದ ಡ್ಯಾಮಿನ ನೀರು ಬಿಡುತ್ತಾರೇನೋ ಎಂದುಕೊಂಡೆ.

ನನಗೆ ಬೇರೆ ಕೆಲಸ ಬೇಕಾದಷ್ಟಿತ್ತು. ಊಟ ಘಾಟಿನಲ್ಲಿತ್ತು. ಇದ್ದ ಕುಡಿಯುವ ನೀರನ್ನು ಮುಚ್ಚಳದಲ್ಲಿ ಅಳೆದು ಕೊಟ್ಟೆ. ಹಿರಿಯಾಕೆಯ ಗಂಟಿನಲ್ಲಿ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಸಿಕ್ಕವು, ಮುರಿಮುರಿದು ಹಂಚಿದೆವು. ಹೆಂಗಸರ ಇನ್ನೊಂದು ಕಷ್ಟಕ್ಕೆ ದೋಣಿಯ ಹಿಂತುದಿಯಲ್ಲಿ ಸೀರೆಯೊಂದನ್ನು ಅಡ್ಡ ಹಿಡಿದು, ಒಂದು ಬಕೆಟ್ಟಿಟ್ಟು ವ್ಯವಸ್ಥೆ ಮಾಡಿದೆ. ಗಂಡಸರಿಗೆ ಮುಖ ಆಚೆ ತಿರುಗಿಸಿ ಕೂರಲು ಹುಕುಂ ಮಾಡಿದೆ. ಇಂಥದ್ದಕ್ಕೆಲ್ಲ ನಾಚುತ್ತ ಕೂತರೆ ಈ ಕೆಲಸ ಆಗುವುದಿಲ್ಲ. ಅಷ್ಟರಲ್ಲಿ ಹಾಲಿನಾಕೆಯ ಕಥೆ ಹಿರಿಯಾಕೆಯ ಬಾಯಿಂದ ದೋಣಿಯ ಈ ತುದಿಯಿಂದ ಆ ತುದಿಗೆ ಮುಟ್ಟಿತ್ತು.

ಎಷ್ಟೋ ಹೊತ್ತಿನ ಮೇಲೆ ದೋಣಿಯ ಅಡಿಯಲ್ಲಿ ಲೊಚಗುಟ್ಟುವ ಸದ್ದು ಕೇಳಿತು. ಎಲ್ಲರೂ ಬಾಗಿ ನೋಡಿದೆವು. ನೀರು ಬರುತ್ತಿತ್ತು. ಮೇಲಿನಿಂದಲ್ಲ, ಕೆಳಗಿನಿಂದ. ಬೆಳಿಗ್ಗೆ ಎತ್ತ ಹರಿದು ಹೋಗಿತ್ತೋ ಅತ್ತಲಿಂದಲೇ ನೊರೆ ತಳ್ಳಿಕೊಂಡು ಬರುತ್ತಿತ್ತು. ಹೊಳೆ ಹಿಂದಕ್ಕೆ ಹರಿಯುತ್ತಿತ್ತು. ಓದು ಬರಹ ಬಲ್ಲವಳು ನಾನು, ಉಬ್ಬರವಿಳಿತ ಎಂಬ ಪದವೂ ಗೊತ್ತು. ಆದರೂ ಆ ಕ್ಷಣ ಪದ ನೆನಪಾಗಲಿಲ್ಲ, ಬರೀ ಭಯವಾಯಿತು.

ದೋಣಿ ಅಲುಗಿತು. ನಿಟ್ಟುಸಿರು ಬಿಡುವಷ್ಟರಲ್ಲಿ ಹಿರಿಯಾಕೆ ಎದ್ದು ನಿಂತು ಎರಡೂ ಕೈ ಮೇಲೆತ್ತಿದರು.

"ಯವ್ವಾ! ಉಡಿ! ಉಡಿ ಹೊಳ್ಳಿ ಬಂತು!"

ತಿರುವಿನಿಂದ ಬಾಳೆದಿಂಡಿನ ತೆಪ್ಪ ನೆಟ್ಟಗೆ ನಮ್ಮ ಕಡೆಗೇ ತೇಲಿ ಬರುತ್ತಿತ್ತು. ಮೊರ ಇತ್ತು, ಕಾಯಿ ಇತ್ತು, ಹಸಿರು ಕಣ ಒದ್ದೆಯಾಗಿ ಅಂಟಿಕೊಂಡಿತ್ತು. ಬಳೆ ಒಂದೂ ಒಡೆದಿರಲಿಲ್ಲ. ದೋಣಿಯಲ್ಲಿ ಗದ್ದಲವೆದ್ದಿತು.

"ಅದಾನ ಯವ್ವಾ, ನಿನ್ನ ಗಂಡ ಅದಾನ! ಗಂಗವ್ವ ತಾನs ಹೇಳಿದಳು!" ಎಂದು ಹಿರಿಯಾಕೆ ಅಳುತ್ತ ನಗುತ್ತ ಹಾಲಿನಾಕೆಯನ್ನು ಅಪ್ಪಿಕೊಂಡರು. ಒಬ್ಬಳು ಅವಳ ಹಣೆಗೆ ಕುಂಕುಮ ಹಚ್ಚಿದಳು. ಇಬ್ಬರು ಕಾಲಿಗೆ ಬಿದ್ದರು. ಎಲ್ಲರೂ ಒಂದೇ ಕಡೆ ನುಗ್ಗಿದ್ದರಿಂದ ದೋಣಿ ವಾಲಿ, ದೋಣಿಯವನು ಬಾಯಿಗೆ ಬಂದಂತೆ ಕೂಗಿದ.

ನಾನು ಹಾಲಿನಾಕೆಯನ್ನು ನೋಡಿದೆ. ಅವಳು ನಗುತ್ತಿರಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ. ಹಿರಿಯಾಕೆಯ ಕೈ ಕೊಡವಿ ಅವಳು ಅಂಚಿಗೆ ಬಾಗಿ, ಎರಡೂ ಕೈಯಿಂದ ತೆಪ್ಪವನ್ನು ಆಚೆ ತಳ್ಳತೊಡಗಿದಳು. "ಬ್ಯಾಡ. ಬ್ಯಾಡ. ಹೋಗು. ಹೋಗಾ!" ತಳ್ಳಿದಂತೆಲ್ಲ ಅದು ಮತ್ತೆ ಬಂದು ದೋಣಿಗೆ ತಾಗುತ್ತಿತ್ತು. ಮೊಳಕೈಯವರೆಗೆ ನೀರಿನಲ್ಲಿದ್ದ ಅವಳನ್ನು ದೋಣಿಯವನು ತೇಲುವ ಅಂಗಿಯ ಬೆನ್ನು ಹಿಡಿದು ಹಿಂದಕ್ಕೆಳೆದ. ಅವಳು ಹಲಗೆಯ ಮೇಲೆ ಕುಸಿದಳು.

"ಇನ್ನ ಎಷ್ಟ ವರ್ಷ ಕಾಯಲಿ ನಾನು?" ಎಂದು ಚೀರಿದಳು. "ಇನ್ನ ಯಾವ ಊರಿಗೆ ಹೋಗಿ ಹುಡುಕಲಿ? ಮುಗೀತು ಅಂತ ತಿಳಕೊಂಡಿದ್ದೆನಲ್ರೆವ್ವಾ!"

ಕಾಂಡ್ಲಾ ಕಾಡಿನಲ್ಲಿ ಅವಳ ಕೂಗು ಹೋಗಿ ಎಲ್ಲಿಯೋ ನಿಂತಿತು. ಅಷ್ಟು ಹೊತ್ತು ನಾವೆಲ್ಲ ಅವಳು ಗಂಡ ಬದುಕಿರಲಿ ಎಂದು ಬೇಡಲು ಬಂದವಳೆಂದೇ ನಂಬಿದ್ದೆವು. ಅವಳು ಬಂದದ್ದು ಬಿಡುಗಡೆ ಬೇಡಿ. ಗಂಡನನ್ನು ಅಷ್ಟು ಹುಡುಕಿದ ಹೆಂಗಸಿನ ಬಾಯಿಂದ ಆ ಮಾತು ಬಂದದ್ದು ನನಗೆ ಮೊಸಳೆಗಿಂತ ದೊಡ್ಡ ಆಘಾತವಾಯಿತು. ಮರುಕ್ಷಣವೇ ಅದರಲ್ಲಿ ಆಶ್ಚರ್ಯವೇನು ಎಂದೂ ಅನಿಸಿತು.

"ಹಂಗ ಅನಬ್ಯಾಡ," ಎಂದರು ಹಿರಿಯಾಕೆ, ದನಿ ತಗ್ಗಿಸಿ. "ಮುತ್ತೈದಿತನ ಗಟ್ಟಿ ಐತಿ ಅಂತ ತಾಯಿ ತೋರಿಸ್ಯಾಳ. ಇನ್ನ ನೀ ಕಾಯಬೇಕು."

ನಾನು ದೋಣಿಯವನ ಹತ್ತಿರ ಹೋಗಿ ಹಿಂದಿಯಲ್ಲಿ ಕೇಳಿದೆ. ಅವನಿಗೆ ನಮ್ಮ ಗದ್ದಲವೇ ಅರ್ಥವಾಗಿರಲಿಲ್ಲ. ಸಮುದ್ರ ಉಬ್ಬಿದಾಗ ನೀರು ಒಳಗೆ ಬರುತ್ತದೆ, ಇಳಿದಾಗ ಹೊರಗೆ ಹೋಗುತ್ತದೆ, ಹಗಲೂ ರಾತ್ರಿಯೂ ಅದೇ ಆಟ. ಇಂಥ ಕಿರುಗಾಲುವೆಯಲ್ಲಿ ಬಿಟ್ಟದ್ದು ದೂರ ಹೋಗದೆ ಬೇರಿಗೆ ತೊಡರಿಕೊಂಡು ಉಬ್ಬರಕ್ಕೆ ವಾಪಸ್ಸು ಬರುತ್ತದೆ. ತನ್ನ ಚಪ್ಪಲಿಯೇ ಹಾಗೆ ಎರಡು ಸಲ ಬಂದಿದೆ ಎಂದ.

ಯಾತ್ರೆಯ ಕೆಲಸದಲ್ಲಿ ಪವಾಡ ಎಂದರೆ ಸುಗ್ಗಿ. ಈ ಇಪ್ಪತ್ತು ಚಿಲ್ಲರೆ ಜನ ಊರಿಗೆ ಹೋಗಿ ಹೇಳಿದರೆ ಸಾಕು, ಮುಂದಿನ ವರ್ಷ ಎರಡು ಗುಂಪು ಆಗುತ್ತವೆ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ಸಂತೋಷವಾಗಿಯೇ ಇರುತ್ತಿದ್ದರು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಹಲಗೆಯ ಮೇಲೆ ಮೊಣಕಾಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಎಲ್ಲಾರೂ ಕೇಳ್ರಿ," ಎಂದು ಗಟ್ಟಿಯಾಗಿ ಹೇಳಿದೆ. "ಇದು ಪವಾಡ ಅಲ್ಲ. ಸಮುದ್ರದ ನೀರು ಹಿಂಗ ಬರತೈತಿ, ಹಿಂಗ ಹೋಗತೈತಿ. ದಿನಾ ಇದs. ಉಡಿ ಅಲ್ಲ, ನಮ್ಮ ಚಪ್ಪಲಿ ಬಿಟ್ಟಿದ್ರೂ ಬರತಿತ್ತು."

ಹಿರಿಯಾಕೆ ಕೆಂಡವಾದರು. "ಏನಂದ್ರಿ? ಉಡಿಗೂ ಚಪ್ಪಲಿಗೂ ಸಮಾ ಮಾಡಿದ್ರಿ? ನೀವು ಯಾತ್ರಾ ಮಾಡಸವ್ರೋ, ದೇವರನ್ನ ಸುಳ್ಳ ಮಾಡವ್ರೋ?"

ಹೌದು, ಚಪ್ಪಲಿಯ ಮಾತು ಆಡಬಾರದಿತ್ತು. ಅಷ್ಟರಲ್ಲಿ ಮೂಲೆಯಿಂದ ಗುರೂಜಿ ಬಾಯಿ ಬಿಟ್ಟರು. "ಖರೇ ಐತ್ರಿ. ಭರತಿ ಮತ್ತ ಓಹೋಟಿ ಅಂತ ಮರಾಠಿ ಸಾಳ್ಯಾಗ ಹುಡುಗರಿಗೆ ಜಲ್ಮ ಎಲ್ಲಾ ಕಲಿಸೇನಿ. ಭರತಿ ಅಂದ್ರ ಹಿಂಗ ಇರತೈತಿ ಅಂತ ನಾ ಇವತ್ತ ನೋಡಿದೆ."

ಹಾಲಿನಾಕೆ ತಲೆಯೆತ್ತಿ ನನ್ನನ್ನೇ ನೋಡಿದಳು. "ನನ್ನ ಸಮಾಧಾನಕ್ಕ ಹೇಳಾಕತ್ತೀರಿ ಹೌದಿಲ್ರಿ?"

ನಾನು ಅವಳ ಕೈಹಿಡಿದು ಎಬ್ಬಿಸಿ ಅಂಚಿಗೆ ಕರೆದೊಯ್ದೆ. "ನೋಡು. ನಿನ್ನ ಉಡಿ ಒಂದs ಬರಾಕತ್ತಿಲ್ಲ. ಆ ಎಲಿ ನೋಡು. ಬುರುಗ ನೋಡು. ಮುರದ ಟೊಂಗಿ ನೋಡು. ಎಲ್ಲಾ ಒಂದs ಕಡೆಯಿಂದ ಬರಾಕತ್ತಾವ." ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ದಿನವೂ ಹೊಳೆಯ ನೀರನ್ನು ನೋಡಿ ಎಮ್ಮೆ ಇಳಿಸುವವಳಿಗೆ ನೀರಿನ ನಡಿಗೆಯನ್ನು ಹೆಚ್ಚು ವಿವರಿಸಬೇಕಾಗಿರಲಿಲ್ಲ.

"ಮತ್ತ ಹೊಳ್ಳಿ ಹೋಗತೈತೇನ್ರಿ ಇದು?"

ದೋಣಿಯವನನ್ನು ಕೇಳಿದೆ. ಹೋಗುತ್ತದೆ, ನೀರು ಪೂರ್ತಿ ಏರಿ ನಿಂತು ತಿರುಗುವಾಗ ನದಿಯ ಬಾಯಲ್ಲಿ ಬಿಟ್ಟರೆ ನೇರ ಸಮುದ್ರಕ್ಕೇ ಹೋಗುತ್ತದೆ ಎಂದ. ಉದ್ಯಾನದ ಗಡಿಕಂಬ ದಾಟಿದ ಮೇಲೆ ಬಿಡಬಹುದು, ಅಲ್ಲಿ ಮೀನುಗಾರರೂ ಪೂಜೆಯ ಹೂವು ಬಿಡುತ್ತಾರೆ. ಆದರೆ ಅದಕ್ಕೆ ಸಂಜೆಯವರೆಗೆ ಕಾಯಬೇಕು.

ಸಂಜೆಯವರೆಗೆ ಕಾದರೆ ಬಸ್ಸು ತಪ್ಪುತ್ತದೆ, ಆ ರಾತ್ರಿಯ ದರ್ಶನ ತಪ್ಪುತ್ತದೆ. ಕಡೆಯ ದರ್ಶನಕ್ಕೆಂದೇ ಹರಕೆಯ ಗಂಟು ಉಳಿಸಿಕೊಂಡವರು ಗುಂಪಿನಲ್ಲಿದ್ದರು. ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಆಗುತ್ತಿರಲಿಲ್ಲ.

"ನದಿ ಬಾಯಿಗೆ ಹೋಗೂಣು," ಎಂದೆ. "ನೀರ ತಿರುಗೂತನಾ ಅಲ್ಲೇ ಇರೂಣು. ಇವತ್ತಿನ ದರ್ಶನ ತಪ್ಪತೈತಿ. ಬೈಯೂದಿದ್ರ ನನಗ ಬೈರಿ."

ಬೈದರು. ಚೆನ್ನಾಗಿ ಬೈದರು. ಎಂಜಿನ್ನಿನ ಸದ್ದಿಗೆ ಅರ್ಧ ಕೇಳಿಸಲಿಲ್ಲ ಅಷ್ಟೆ. ದೋಣಿಯವನು ಕೊಕ್ಕೆಗಳದಿಂದ ತೆಪ್ಪವನ್ನು ಎತ್ತಿಕೊಟ್ಟ. ಹಾಲಿನಾಕೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅದರಿಂದ ನೀರಿಳಿದು ಅವಳ ಸೀರೆಯೆಲ್ಲ ತೊಯ್ದಿತು. ಹಿರಿಯಾಕೆ ಬೆನ್ನು ತಿರುಗಿಸಿ ದೋಣಿಯ ಹಿಂತುದಿಗೆ ಹೋಗಿ ಕೂತರು.

ಗಡಿಕಂಬ ದಾಟಿ ಲಂಗರು ಇಳಿಸಿದ ಕಡೆ ದಂಡೆಗಳು ಬಹಳ ದೂರವಿದ್ದವು. ಎದುರಿಗೆ ಬರೀ ನೀರು, ಅದರಾಚೆ ಅಲೆಗಳ ಬಿಳಿಗೆರೆ. ದೋಣಿ ಲಂಗರಿನ ಹಗ್ಗವನ್ನು ಒಳಮುಖವಾಗಿ ಜಗ್ಗಿಕೊಂಡು ನಿಂತಿತ್ತು. ಹಗ್ಗವನ್ನು ನೋಡುತ್ತಿರು, ಅದು ಸಡಿಲಾದಾಗ ಹೇಳು ಎಂದ ದೋಣಿಯವನು. ಹೊಟ್ಟೆ ಚುರುಗುಟ್ಟುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಆ ಹಗ್ಗವನ್ನೇ ನೋಡತೊಡಗಿದರು, ಬೈದವರೂ ನೋಡಿದರು.

ಹೊತ್ತು ಇಳಿಯುವಾಗ ಹಗ್ಗ ಸಡಿಲಾಯಿತು. ನೀರು ಎತ್ತಲೂ ಹೋಗುತ್ತಿರಲಿಲ್ಲ. ಕೈಯಿಂದ ಬೇಡ ಎಂದು ದೋಣಿಯವನು ಹುಟ್ಟಿನ ಅಗಲ ತುದಿಯನ್ನು ಚಾಚಿದ. ಹಾಲಿನಾಕೆ ಅದರ ಮೇಲೆ ತೆಪ್ಪವಿಟ್ಟು, ಚೆಲ್ಲಿಹೋದ ಅಕ್ಕಿಯ ಬದಲು ಯಾರದೋ ಗಂಟಿನಿಂದ ಇಸಿದುಕೊಂಡ ಒಂದು ಹಿಡಿ ಹಾಕಿ, ಕಣದ ಮಡಿಕೆ ಸರಿಮಾಡಿದಳು. ಅವನು ಮೆಲ್ಲಗೆ ನೀರಿಗಿಳಿಸಿದ.

ತೆಪ್ಪ ಹೋಗಲಿಲ್ಲ. ದೋಣಿಯ ಮಗ್ಗುಲಲ್ಲೇ ನಿಂತಿತು. ಹಾಲಿನಾಕೆಯ ಉಗುರು ನನ್ನ ಮುಂಗೈಗೆ ನಾಟಿದ್ದವು. ಎಲ್ಲರ ಮುಂದೆ ಅಷ್ಟು ಧೈರ್ಯವಾಗಿ ಹೇಳಿದ ನಾನೇ ಒಳಗೊಳಗೆ ಹೋಗು ತಾಯಿ, ಹೋಗು ಎನ್ನುತ್ತಿದ್ದೆ. ಆಮೇಲೆ ತೆಪ್ಪ ತುಸು ತಿರುಗಿತು. ಒಂದು ಗೇಣು ಸರಿಯಿತು. ಇನ್ನೊಂದು ಗೇಣು. ನೋಡನೋಡುತ್ತ ಅದಕ್ಕೆ ನಡಿಗೆ ಬಂತು, ಬಿಳಿಗೆರೆಯ ಕಡೆಗೆ ಮುಖಮಾಡಿ ಹೊರಟಿತು. ಹಸಿರು ಕಣ ಒಂದು ಚುಕ್ಕೆಯಾಗಿ, ಆಮೇಲೆ ಅದೂ ಕಾಣದಾಯಿತು.

ಹಾಲಿನಾಕೆ ನನ್ನ ಕೈ ಬಿಟ್ಟಳು. ಆಮೇಲೆ ಅವಳ ಗಂಟಲಿನಿಂದ ಒಂದು ಸದ್ದು ಬಂತು, ಎಮ್ಮೆ ಈಯುವಾಗ ನರಳುವಂಥ ಸದ್ದು. ಬರಬರುತ್ತ ಅದಕ್ಕೆ ಮಾತು ಕೂಡಿತು.

"ಊಟಾ ಬಿಟ್ಟ ಎದ್ದ ಹ್ವಾದ್ಯೋ ನನ್ನ ರಾಜಾ… ಮೋಟರ್ ಬಿಚ್ಚಾಕ ಹ್ವಾದ್ಯೋ… ಹೊಳ್ಳಿ ನೋಡದs ಹ್ವಾದ್ಯೋ…"

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹೀಗೆಯೇ ಹಾಡಿಕೊಂಡು ಅಳುತ್ತಾರೆ, ಹೆಣದ ಮುಂದೆ ಕೂತು, ಹೋದವನ ಗುಣಗಳನ್ನು ಒಂದೊಂದೇ ಎತ್ತಿ. ಹೆಣವಿಲ್ಲದೆ ಆ ಅಳು ಅವಳಿಗೆ ಇಷ್ಟು ವರ್ಷ ಸಿಕ್ಕಿರಲಿಲ್ಲ. ಒಬ್ಬಳು ಹಾಗೆ ಅಳುವಾಗ ಉಳಿದವರು ಸುಮ್ಮನೆ ಕೂರುವಂತಿಲ್ಲ, ಕೊರಳು ಹಿಡಿದು ಜೊತೆಗೆ ಅಳಬೇಕು. ಯಾರು ಮೊದಲು ಏಳುತ್ತಾರೆ ಎಂದು ನಾನು ನೋಡುವಷ್ಟರಲ್ಲಿ ಹಿಂತುದಿಯಿಂದ ಹಿರಿಯಾಕೆ ತೂಗಾಡುತ್ತ, ಅವರಿವರ ಹೆಗಲು ಹಿಡಿಯುತ್ತ ಬಂದರು. ತೇಲುವ ಅಂಗಿಯ ಸಮೇತ ಕೂತು ಹಾಲಿನಾಕೆಯ ಕೊರಳಿಗೆ ಕೈಹಾಕಿ, ಅವಳಿಗಿಂತ ಗಟ್ಟಿಯಾಗಿ ದನಿಯೆತ್ತಿದರು.

"ಮಗಳ ಲಗ್ನದ ಅಕ್ಕಿಕಾಳಿಗೆ ಬರಲಿಲ್ಲಲ್ಲೋ ನನ್ನಪ್ಪಾ…"

ಉಳಿದವರೂ ಸುತ್ತ ಕೂತರು. ದಂಡೆಯ ಗಿಡಗಳಿಂದ ಕೊಕ್ಕರೆಗಳು ಗುಂಪಾಗಿ ಎದ್ದು ಹಾರಿದವು. ಗುರೂಜಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ದೋಣಿಯವನು ಗಾಬರಿಯಾಗಿ ನನ್ನ ಬಳಿ ಬಂದ. ಯಾರು ತೀರಿಕೊಂಡರು ಎಂದು ಹಿಂದಿಯಲ್ಲಿ ಕೇಳಿದ. ಇವಳ ಗಂಡ ಎಂದೆ.

"ಯಾವಾಗ?" ಎಂದ.

"ಈಗ," ಎಂದೆ.

ಅವನು ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಎಂಜಿನ್ನು ಶುರುಮಾಡಲಿಲ್ಲ.